60×72 ಟಾಪ್: ಕ್ವಿಲ್ಟಿಂಗ್ ಮನೆಯಲ್ಲೇ ಮಾಡುವುದೋ, ಮಜೂರಿಗೆ ಕೊಡುವುದೋ

ಟಾಪ್, ಅಂದರೆ ಕ್ವಿಲ್ಟಿನ (ಕೌದಿಯಂಥ ಹೊದಿಕೆಯ) ಮೇಲ್ಪದರ, ಹೊಲಿದಾಗಿದೆ. 12 ಇಂಚಿನ ಬ್ಲಾಕ್ ಒಟ್ಟು 30, ಅಡ್ಡಕ್ಕೆ ಐದು, ಉದ್ದಕ್ಕೆ ಆರು. ಸುತ್ತ ಬಾರ್ಡರ್ ಇಲ್ಲ. ಅಳತೆ 60×72 ಇಂಚು, ಎಲ್ಲ ಜೋಡಣೆಗಳಿಗೂ ಕಾಲು ಇಂಚಿನ ಮಾರ್ಜಿನ್. ಇನ್ನು ಟಾಪ್, ನಡುವಿನ ಬ್ಯಾಟಿಂಗ್ (ಮೆತ್ತನೆಯ ಹಾಸು), ಕೆಳಗಿನ ಅಸ್ತರು ಈ ಮೂರನ್ನೂ ಸೇರಿಸಿ ಹೊಲಿಯಬೇಕು. ಇಲ್ಲಿಗೆ ಬಂದು ಎಷ್ಟೋ ಟಾಪ್‌ಗಳು ಮಡಚಿ ಬೀರು ಸೇರುತ್ತವೆ. ಮನೆಯ ಮೆಷಿನ್ನಿನಲ್ಲಿ ಹಾಳಾದೀತೆಂಬ ಭಯ ಒಂದು ಕಡೆ, ಲಾಂಗ್‌ಆರ್ಮ್‌ನವರ (ಚೌಕಟ್ಟಿನ ದೊಡ್ಡ ಕ್ವಿಲ್ಟಿಂಗ್ ಮೆಷಿನ್ ಇಟ್ಟುಕೊಂಡವರ) ಮಜೂರಿ ಇನ್ನೊಂದು ಕಡೆ.

ಮೊದಲು ಲೆಕ್ಕ ಹಾಕೋಣ, ಆಮೇಲೆ ಭಯಪಡೋಣ.

ಎಷ್ಟು ಹೊಲಿಗೆ ಬೇಕು

ಕ್ವಿಲ್ಟಿಂಗ್ ಹೊಲಿಗೆಯ ಒಟ್ಟು ಉದ್ದ ತಿಳಿಯಲು ಸುಲಭದ ದಾರಿಯೊಂದಿದೆ. ಟಾಪಿನ ವಿಸ್ತೀರ್ಣವನ್ನು ಸಾಲುಗಳ ನಡುವಿನ ಅಂತರದಿಂದ ಭಾಗಿಸಿ. 60×72 ಅಂದರೆ 4,320 ಚದರ ಇಂಚು. ಎರಡು ಇಂಚಿಗೊಂದು ನೇರ ಸಾಲು ಹಾಕಿದರೆ 2,160 ಇಂಚು, ಹತ್ತಿರ ಹತ್ತಿರ 55 ಮೀಟರ್. ಒಂದು ಇಂಚಿನ ಅಂತರದಲ್ಲಿ ಬಳುಕುವ ಗೆರೆ ಹಾಕಿದರೆ 110 ಮೀಟರ್. ಅರ್ಧ ಇಂಚಿನ ಒತ್ತು ವಿನ್ಯಾಸಕ್ಕೆ 220 ಮೀಟರ್. ಅಂತರ ಅರ್ಧಕ್ಕಿಳಿದಾಗಲೆಲ್ಲ ಕೆಲಸ ಇಮ್ಮಡಿ. ಲಾಂಗ್‌ಆರ್ಮ್‌ನವರು ಸಾಮಾನ್ಯವಾಗಿ ಚದರ ಇಂಚಿಗಿಷ್ಟು ಎಂದು ಮಜೂರಿ ಹೇಳುವುದು, ವಿನ್ಯಾಸ ಒತ್ತಾದಷ್ಟೂ ಆ ದರ ಏರುವುದು ಇದಕ್ಕೇ. ಅಂಚಿನಿಂದ ಅಂಚಿಗೆ ಒಂದೇ ವಿನ್ಯಾಸ ಓಡಿಸಿದರೆ ಕಡಿಮೆ ದರ, ಬ್ಲಾಕಿಗೊಂದು ಬೇರೆ ವಿನ್ಯಾಸ ಕೇಳಿದರೆ ಅದರ ಕೆಲವು ಪಟ್ಟು.

ಇನ್ನು ಸಮಯ. 55 ಮೀಟರನ್ನು 2.5 ಮಿ.ಮೀ. ಹೊಲಿಗೆಯಲ್ಲಿ ಹಾಕಿದರೆ 22,000 ಹೊಲಿಗೆ. ನಿಮಿಷಕ್ಕೆ 500 ಹೊಲಿಗೆಯ ಸಾಧಾರಣ ವೇಗದಲ್ಲಿ ಸೂಜಿ ಓಡುವುದು 44 ನಿಮಿಷ, ಅಷ್ಟೇ. ಆದರೆ ಕೆಲಸ ಮುಗಿಯಲು ಎರಡು ಮೂರು ಸಂಜೆ ಬೇಕಾಗುತ್ತದೆ. ಉಳಿದ ಹೊತ್ತೆಲ್ಲ ಬಟ್ಟೆಯ ಭಾರ ಎಳೆದು ಸರಿಪಡಿಸುವುದಕ್ಕೆ, ಹಿಂಬದಿ ತಡವಿ ನೋಡುವುದಕ್ಕೆ, ಬಾಬಿನ್ ಬದಲಿಸುವುದಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಮೂರು ಪದರಗಳನ್ನು ಜರುಗದಂತೆ ತಾತ್ಕಾಲಿಕವಾಗಿ ಹಿಡಿದಿಡುವ ಕಚ್ಚಾ ಹೊಲಿಗೆಯ ಕೆಲಸ ಬೇರೆ ಇದೆ, ಅದಕ್ಕೆ ಇಡೀ ಅರ್ಧ ದಿನ.

ಲಾಂಗ್‌ಆರ್ಮ್‌ನಲ್ಲೇ ಕ್ವಿಲ್ಟಿಂಗ್ ಮಾಡುವುದಾದರೆ ಈ ಕಚ್ಚಾ ಹೊಲಿಗೆಯ ಹಂತವೇ ಇಲ್ಲ. ಅಸ್ತರಿನ ಮೇಲಂಚು ಕೆಳಂಚುಗಳನ್ನು ಎರಡು ರೋಲರಿನ ಬಟ್ಟೆಗೆ ಪಿನ್ ಮಾಡಿ ಬಿಗಿಯುತ್ತಾರೆ, ಬದಿಗಳಿಗೆ ಕ್ಲ್ಯಾಂಪ್ ಹಾಕುತ್ತಾರೆ, ಅದರ ಮೇಲೆ ಬ್ಯಾಟಿಂಗ್ ಮತ್ತು ಟಾಪ್ ಹರಡುತ್ತಾರೆ. ಬಟ್ಟೆ ನಿಂತಲ್ಲೇ ಇರುತ್ತದೆ, ಓಡುವುದು ಮೆಷಿನ್ನಿನ ತಲೆ. ನಮ್ಮಲ್ಲಿ ಮೆಷಿನ್ ಕೂತಿರುತ್ತದೆ, ಬಟ್ಟೆಯೇ ಓಡಾಡಬೇಕು. ಮಜೂರಿಯ ಒಂದು ಪಾಲು ಆ ಚೌಕಟ್ಟಿನ ಬಿಗಿಗೇ ಸಲ್ಲುತ್ತದೆ ಎಂದು ಅರ್ಥವಾದರೆ ಯಾವುದನ್ನು ಹೊರಗೆ ಕೊಡಬೇಕು, ಯಾವುದನ್ನು ಕೈಯಲ್ಲಿಟ್ಟುಕೊಳ್ಳಬೇಕು ಎಂಬುದೂ ಹೊಳೆಯುತ್ತದೆ. ಈ ಟಾಪಿಗೆ ಆರಿಸಿದ್ದು ನಡುವಿನ ದಾರಿ: ಕಚ್ಚಾ ಹೊಲಿಗೆ ಮಾತ್ರ ಲಾಂಗ್‌ಆರ್ಮ್‌ನವರಿಂದ, ಕ್ವಿಲ್ಟಿಂಗ್ ಮನೆಯಲ್ಲಿ. ಅನೇಕರು ಈ ಕೆಲಸವನ್ನು ಬೇರೆಯಾಗಿಯೇ, ಪೂರ್ಣ ಕ್ವಿಲ್ಟಿಂಗಿಗಿಂತ ಬಹಳ ಕಡಿಮೆಗೆ ಮಾಡಿಕೊಡುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ, ಅದು ಬೇರೆ ವಿಷಯ.

ಮೆಷಿನ್ನಿನೊಳಗೆ ಹಿಡಿಸುತ್ತದೆಯೇ

ಮನೆಯ ಮೆಷಿನ್ನುಗಳಲ್ಲಿ ಸೂಜಿಯಿಂದ ಬಲಗಡೆಯ ಕಂಬದವರೆಗೆ 6ರಿಂದ 8 ಇಂಚು ಜಾಗ. ಲಾಂಗ್‌ಆರ್ಮ್‌ನಲ್ಲಿ 18ರಿಂದ 26. ನಟ್ಟನಡುವಿನ ಸಾಲು ಹಾಕುವಾಗ ಅರ್ಧ ಕ್ವಿಲ್ಟ್, ಅಂದರೆ 30 ಇಂಚು ಬಟ್ಟೆ, ಆ ಜಾಗದೊಳಗೆ ತೂರಬೇಕು. ಮೂರು ಪದರ ಸೇರಿ 4 ಮಿ.ಮೀ. ದಪ್ಪ ಎಂದಿಟ್ಟುಕೊಂಡರೆ ಬಿಗಿಯಾಗಿ ಸುತ್ತಿದ 30 ಇಂಚು ಎರಡೂವರೆ ಇಂಚಿನ ಸುರುಳಿಯಾಗುತ್ತದೆ. ಕೈಯಲ್ಲಿ ಸಡಿಲವಾಗಿ ಸುತ್ತಿದರೆ ಮೂರೂವರೆ, ನಾಲ್ಕು. 7 ಇಂಚಿನ ಮೆಷಿನ್ನಿನಲ್ಲಿ ಇನ್ನೂ ಮೂರು ಇಂಚು ಉಳಿಯಿತು. ನೇರ ಸಾಲಿಗೆ ಅದು ಧಾರಾಳ, ಬಟ್ಟೆಯನ್ನು ಎಲ್ಲ ದಿಕ್ಕಿಗೂ ಓಡಿಸಬೇಕಾದ ಫ್ರೀ ಮೋಷನ್ ಕೆಲಸಕ್ಕೆ ಇಕ್ಕಟ್ಟು. 100 ಇಂಚು ಅಗಲದ ದೊಡ್ಡ ಹಾಸಿಗೆಯದಾದರೆ ಅರ್ಧ ಸುರುಳಿಯೇ ಐದು ಇಂಚಿನ ಆಸುಪಾಸು ಬರುತ್ತದೆ. ಅಂಥದ್ದನ್ನು 7 ಇಂಚಿನ ಮೆಷಿನ್ನಿನಲ್ಲಿ ಹೆಣಗುವ ಬದಲು ಕೊಟ್ಟುಬಿಡುವುದೇ ಜಾಣತನ. ಹಾಗೆಯೇ ಒಂದು ಇಂಚಿಗಿಂತ ಒತ್ತಾದ ವಿನ್ಯಾಸ ಬೇಕೆನ್ನುವವರು, ಹೆಗಲು ಮಣಿಕಟ್ಟಿನ ನೋವಿರುವವರು. 50 ಇಂಚಿನೊಳಗಿನ ನೇರ ಸಾಲಿನ ಕ್ವಿಲ್ಟಿಗೆ ಮಜೂರಿ ಕೊಡುವುದು ಮಾತ್ರ ದಂಡ.

ಅಸ್ತರು: ಎರಡೂ ದಾರಿಯಲ್ಲಿ ಕೈಕೊಡುವುದು ಇಲ್ಲೇ

ಲಾಂಗ್‌ಆರ್ಮ್‌ಗೆ ಕೊಡುವ ಅಸ್ತರು, ಬ್ಯಾಟಿಂಗ್ ಎರಡೂ ಟಾಪಿಗಿಂತ ಪ್ರತಿ ಬದಿಗೆ 4 ಇಂಚು ದೊಡ್ಡದಿರಬೇಕು. ಇಲ್ಲಿ 68×80. ಆ ಹೆಚ್ಚುವರಿಯಲ್ಲೇ ಪಿನ್, ಕ್ಲ್ಯಾಂಪ್, ಟೆನ್ಷನ್ ಪರೀಕ್ಷೆ ಎಲ್ಲ ನಡೆಯಬೇಕು. ಮನೆಯಲ್ಲೇ ನೆಲದ ಮೇಲೆ ಹಾಸಿ ಜೋಡಿಸುವುದಾದರೆ ಬದಿಗೆ 3 ಇಂಚು, 66×78, ಸಾಕು.

44 ಇಂಚು ಪನ್ನದ ಬಟ್ಟೆಯಾದ್ದರಿಂದ ಎರಡು ತುಂಡು ಜೋಡಿಸಲೇಬೇಕು. ಜೋಡಣೆಯನ್ನು ಉದ್ದುದ್ದ ಹಾಕಿದರೆ 80 ಇಂಚಿನ ಎರಡು ತುಂಡು, 160 ಇಂಚು, 4.06 ಮೀಟರ್ ಬಟ್ಟೆ ಬೇಕು. ಅಡ್ಡಡ್ಡ ಹಾಕಿದರೆ 68 ಇಂಚಿನ ಎರಡು ತುಂಡು, 136 ಇಂಚು, 3.45 ಮೀಟರ್. ಅರವತ್ತು ಸೆಂಟಿಮೀಟರ್ ಉಳಿತಾಯ. ಅದಕ್ಕಿಂತ ದೊಡ್ಡ ಲಾಭ ರೋಲರಿನ ಮೇಲೆ: ಅಡ್ಡ ಜೋಡಣೆ ರೋಲರಿಗೆ ಸಮಾನಾಂತರವಾಗಿ ಒಂದೇ ಸುತ್ತಿನಲ್ಲಿ ಹಾದುಹೋಗುತ್ತದೆ. ಉದ್ದದ ಜೋಡಣೆಯಾದರೆ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ದಪ್ಪ ಕೂಡುತ್ತ ನಡುವೆ ಬಿಗಿ, ಬದಿಗಳಲ್ಲಿ ಸಡಿಲ. ಬಟ್ಟೆ ಕೊಳ್ಳುವಾಗ 3.45 ಎಂದು ಖಚಿತ ಅಳತೆ ತರಬೇಡಿ, ಅಂಚು ನೇರ ಮಾಡಲು ಹೋಗುತ್ತದೆ. 3.6 ತನ್ನಿ.

ಜೋಡಿಸುವ ಮುನ್ನ ಬಟ್ಟೆಯ ಎರಡೂ ಬದಿಯ ಗಟ್ಟಿ ನೇಯ್ಗೆಯ ಅಂಚನ್ನು ಕತ್ತರಿಸಿ ತೆಗೆಯಬೇಕು. ಆ ಅಂಚಿನ ನೇಯ್ಗೆ ಒಳಗಿನದಕ್ಕಿಂತ ಬಿಗಿ. ಹಾಗೇ ಬಿಟ್ಟರೆ ಮೊದಲ ಒಗೆತದಲ್ಲಿ ಜೋಡಣೆಯುದ್ದಕ್ಕೂ ಜಗ್ಗಿ ಸುಕ್ಕು ಬರುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಅಂಚು ತೆಗೆದ ಮೇಲೆ 42 ಇಂಚು ಉಳಿದರೆ, ಅರ್ಧ ಇಂಚಿನ ಮಾರ್ಜಿನ್‌ನಲ್ಲಿ ಜೋಡಿಸಿದಾಗ 83 ಇಂಚು ಸಿಗುತ್ತದೆ. 40 ಮಾತ್ರ ಉಳಿದರೆ 79. ಒಂದು ಇಂಚು ಕಡಿಮೆ, ಒಪ್ಪುತ್ತಾರೆಯೇ ಎಂದು ಮೊದಲೇ ಕೇಳುವುದು ಮೇಲು. ಮಾರ್ಜಿನ್ ಎರಡೂ ಬದಿಗೆ ಬಿಡಿಸಿ ಇಸ್ತ್ರಿ ಮಾಡಿ.

ಇನ್ನೊಂದು ಪರೀಕ್ಷೆ. ಅಸ್ತರನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ ನಾಲ್ಕೂ ಮೂಲೆ ಕೂಡಿಸಿ. ಅಂಚುಗಳು ಒಂದರ ಮೇಲೊಂದು ಕೂರದಿದ್ದರೆ ಚೌಕ ಬಂದಿಲ್ಲ. ಓರೆಯಾದ ಅಸ್ತರನ್ನು ರೋಲರಿಗೆ ಹಾಕಿದರೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಜೋತಾಡುತ್ತದೆ, ಜೋತ ಕಡೆಯಲ್ಲಿ ಹಿಂಬದಿಗೆ ನೆರಿಗೆ ಗ್ಯಾರಂಟಿ. ಚೌಕ ಮಾಡಿಸಿಕೊಳ್ಳಲು ಅವರಿಗೆ ಬೇರೆ ಮಜೂರಿ ಕೊಡುವ ಬದಲು ನಾವೇ ಕತ್ತರಿಸುವುದು ಹತ್ತು ನಿಮಿಷದ ಕೆಲಸ.

ಟಾಪ್ ಸಿದ್ಧತೆ

ನೆಲದ ಮೇಲೆ ಹರಡಿ, ಕೈಯಿಂದ ಮೆಲ್ಲಗೆ ಸವರಿ. ಎಲ್ಲ ಕಡೆ ನೆಲಕ್ಕೆ ಅಂಟಿ ಕೂರಬೇಕು. ನಡುವೆ ಉಬ್ಬಿ ನಿಂತರೆ ಅಂಚು ಬಿಗಿ, ಅಂಚು ಅಲೆಯಲೆಯಾದರೆ ಅಂಚಿನಲ್ಲಿ ಬಟ್ಟೆ ಹೆಚ್ಚಿದೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಅರ್ಧ ಇಂಚಿನ ವ್ಯತ್ಯಾಸವಾದರೆ ಹೊಲಿಯುವಾಗ ನುಂಗಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ "ಕ್ವಿಲ್ಟಿಂಗಿನಲ್ಲಿ ಸರಿಹೋಗುತ್ತೆ" ಎಂಬ ಮಾತು ನಂಬಬೇಡಿ. ಹೆಚ್ಚಿದ ಬಟ್ಟೆ ಎಲ್ಲಿಗೂ ಹೋಗುವುದಿಲ್ಲ, ಹೊಲಿಗೆಯ ಪಕ್ಕದಲ್ಲಿ ಮಡಿಕೆಯಾಗಿ ಮಲಗುತ್ತದೆ. ಬಾರ್ಡರ್ ಇರುವ ಟಾಪ್‌ಗಳಲ್ಲಿ ಈ ಕಾಯಿಲೆ ಹೆಚ್ಚು. ಉದ್ದದ ಪಟ್ಟಿ ಇಟ್ಟು ಹೊಲಿಯುತ್ತ ಹೋಗಿ ಕೊನೆಯಲ್ಲಿ ಉಳಿದದ್ದನ್ನು ಕತ್ತರಿಸುವ ಅಭ್ಯಾಸ ಅದಕ್ಕೆ ಕಾರಣ. ಮೂರು ಕಡೆಯ ಅಳತೆಯ ಸರಾಸರಿಗೆ ಪಟ್ಟಿ ಮೊದಲೇ ಕತ್ತರಿಸಿ, ನಡುವೆ ಮತ್ತು ತುದಿಗಳಲ್ಲಿ ಪಿನ್ ಹಾಕಿ ಹೊಲಿದರೆ ಈ ತಕರಾರಿಲ್ಲ.

ಬಾರ್ಡರ್ ಇಲ್ಲದ ಈ ಟಾಪಿನಲ್ಲಿ ಬ್ಲಾಕುಗಳ ಜೋಡಣೆ ಅಂಚಿಗೇ ಬಂದು ನಿಂತಿದೆ. ರೋಲರಿನ ಎಳೆತಕ್ಕೆ ಆ ತುದಿಗಳು ಬಿಚ್ಚುತ್ತವೆ. ಸುತ್ತಲೂ ಅಂಚಿನಿಂದ ಎಂಟನೇ ಒಂದು ಇಂಚು ಒಳಗೆ ಒಂದು ಹೊಲಿಗೆ ಓಡಿಸಿದರೆ ಸಾಕು. ಕ್ರಾಸ್ ಆಗಿ ಕತ್ತರಿಸಿದ ತುಂಡು ಅಂಚಿನಲ್ಲಿದ್ದರೆ ಅದು ಹಿಗ್ಗುವುದೂ ನಿಲ್ಲುತ್ತದೆ. ಆಮೇಲೆ ತಿರುವಿ ಹಾಕಿ ದಾರದ ಎಳೆಗಳನ್ನು ಕತ್ತರಿಸಿ. ಬೇಸರದ ಕೆಲಸ, ಆದರೆ ಬಿಳಿ ಬಟ್ಟೆಯ ಕೆಳಗೆ ಸಿಕ್ಕಿಕೊಂಡ ಒಂದು ಕೆಂಪು ಎಳೆ ಕ್ವಿಲ್ಟ್ ಇರುವವರೆಗೂ ಕಾಣುತ್ತಿರುತ್ತದೆ.

ಬ್ಯಾಟಿಂಗ್ 80 ಪಾಲು ಹತ್ತಿ, 20 ಪಾಲು ಪಾಲಿಯೆಸ್ಟರ್. ಪೂರ್ತಿ ಹತ್ತಿಯದು ಒಗೆದಾಗ 3ರಿಂದ 5 ಪ್ರತಿಶತ ಕುಗ್ಗಿ ಹಳೆಯ ಕೌದಿಯ ಹಾಗೆ ಸುಕ್ಕು ತರುತ್ತದೆ. ಆ ರೂಪ ಬೇಕೆನ್ನುವವರಿಗೆ ಅದೇ ಸರಿ. ಪ್ಯಾಕೆಟ್ ಮೇಲೆ ಸಾಲುಗಳ ನಡುವೆ ಗರಿಷ್ಠ ಎಷ್ಟು ಅಂತರ ಬಿಡಬಹುದೆಂದು ಬರೆದಿರುತ್ತದೆ. ಕೆಲವಕ್ಕೆ 10 ಇಂಚು, ಕೆಲವಕ್ಕೆ 3-4. ಆ ಅಂತರ ಮೀರಿದರೆ ಒಗೆತದಲ್ಲಿ ಹತ್ತಿ ಹರಿದು ಗಂಟುಗಟ್ಟುತ್ತದೆ. ಪ್ಯಾಕೆಟ್ಟಿನಿಂದ ತೆಗೆದು ಒಂದು ರಾತ್ರಿ ಹರಡಿಟ್ಟರೆ ಮಡಿಕೆಗಳು ಸಡಿಲುತ್ತವೆ.

ಕಚ್ಚಾ ಹೊಲಿಗೆಗೆ ಕೊಡುವಾಗ ಹೇಳಿದ್ದು

ಮೂರು ಪದರಗಳನ್ನೂ ಬೇರೆ ಬೇರೆಯಾಗಿಯೇ ಕೊಡಬೇಕು. ಮುತುವರ್ಜಿಯಿಂದ ಪಿನ್ ಹಾಕಿ ಒಯ್ದರೆ ಅವರು ಮೊದಲು ಅದನ್ನೆಲ್ಲ ಬಿಚ್ಚುತ್ತಾರೆ. ಟಾಪಿನ ಮೇಲಂಚಿಗೆ ಮತ್ತು ಅಸ್ತರಿನ ಮೇಲಂಚಿಗೆ ಒಂದೊಂದು ಚೀಟಿ ಪಿನ್ ಮಾಡಿ. ಗುಂಡಿ, ಮಣಿ ಇದ್ದರೆ ತೆಗೆದಿರಬೇಕು.

ಹೇಳಿದ್ದು ಮೂರು ಮಾತು. ಕಚ್ಚಾ ಸಾಲುಗಳು 60 ಇಂಚಿನ ಅಗಲಕ್ಕೆ ಅಡ್ಡಲಾಗಿ, 4 ಇಂಚಿಗೊಂದರಂತೆ 18 ಸಾಲು. ಹೊಲಿಗೆ ಆದಷ್ಟು ಉದ್ದ. ದಾರ ಟಾಪಿಗೆ ಹೊಂದದ ಬಣ್ಣದ್ದು. ಕಚ್ಚಾ ಸಾಲು ಅಡ್ಡಕ್ಕಿದ್ದು ಕ್ವಿಲ್ಟಿಂಗ್ ಉದ್ದಕ್ಕೆ ಹೋದರೆ ಎರಡೂ ಬರೀ ಕತ್ತರಿಸಿ ದಾಟುತ್ತವೆ. ಎರಡೂ ಒಂದೇ ದಿಕ್ಕಿಗಿದ್ದು ಒಂದರ ಮೇಲೊಂದು ಬಿದ್ದರೆ ಕಚ್ಚಾ ದಾರವನ್ನು ಚಿಮಟದಿಂದ ಕೀಳಬೇಕಾಗುತ್ತದೆ. ನೀರಿನಲ್ಲಿ ಕರಗುವ ದಾರ ಹಾಕಿಸಿದರೆ ಕೀಳುವ ಪ್ರಶ್ನೆಯೇ ಇಲ್ಲ. ಆದರೆ ಮುಗಿಯುವವರೆಗೆ ಆವಿ ಇಸ್ತ್ರಿ ತಾಗಿಸುವಂತಿಲ್ಲ.

ಪೂರ್ಣ ಕ್ವಿಲ್ಟಿಂಗಿಗೇ ಕೊಡುವವರು ಕೇಳಬೇಕಾದ್ದು ಬೇರೆ: ವಿನ್ಯಾಸದ ಒಂದು ಆವರ್ತನೆ ಎಷ್ಟು ಇಂಚು, ಅದು ಬ್ಲಾಕಿಗಿಂತ ದೊಡ್ಡದಾಗಿ ಜೋಡಣೆಯ ಚಿತ್ರವನ್ನೇ ಮುಚ್ಚುತ್ತದೆಯೇ, ದಾರದ ಬಣ್ಣ ಯಾವುದು (ಬಗೆಹರಿಯದಿದ್ದರೆ ಮಧ್ಯಮ ಬೂದು), ಬ್ಯಾಟಿಂಗ್ ಅವರದೋ ನಮ್ಮದೋ, ಸುತ್ತ ಕತ್ತರಿಸಿ ಕೊಡುತ್ತಾರೋ ಹಾಗೇ ಕೊಡುತ್ತಾರೋ, ಯಾವ ತಾರೀಖು. ಕಂಪ್ಯೂಟರ್ ಓಡಿಸುತ್ತದೋ ಕೈಯಲ್ಲಿ ಓಡಿಸುತ್ತಾರೋ ಎಂಬುದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಮಾಡಿದ ಒಂದು ಕ್ವಿಲ್ಟಿನ ಹಿಂಬದಿ ತೋರಿಸಿ ಎನ್ನಿ. ಮುಂಬದಿ ಎಲ್ಲರದೂ ಚೆನ್ನಾಗಿಯೇ ಇರುತ್ತದೆ.

ಕಚ್ಚಾ ಹೊಲಿಗೆಯನ್ನೂ ಮನೆಯಲ್ಲೇ ಮಾಡುವವರಿಗೆ: ಅಸ್ತರನ್ನು ಒಳಮೈ ಮೇಲಾಗಿ ನೆಲಕ್ಕೆ ಹಾಸಿ, ಎದುರುಬದುರು ಅಂಚುಗಳಿಗೆ ಟೇಪ್ ಅಂಟಿಸುತ್ತ ಬನ್ನಿ. ಸುಕ್ಕು ಹೋಗುವಷ್ಟು ಬಿಗಿ ಸಾಕು, ಹಿಗ್ಗಿಸಬಾರದು. ಹಿಗ್ಗಿಸಿದ ಅಸ್ತರು ಟೇಪ್ ಕಿತ್ತೊಡನೆ ಹಿಂದಕ್ಕೆ ಸರಿದು ಎಲ್ಲೆಲ್ಲೂ ನೆರಿಗೆ ಹಿಡಿಯುತ್ತದೆ. ಬಾಗಿದ ಸೇಫ್ಟಿ ಪಿನ್ 4 ಇಂಚಿಗೊಂದು ಹಾಕಿದರೆ ಸುಮಾರು 270, 3 ಇಂಚಿಗೊಂದಾದರೆ 480. ಎಲ್ಲ ಹಾಕಿ ಮುಗಿದ ಮೇಲೆ ಒಟ್ಟಿಗೆ ಮುಚ್ಚಿ. ಒಂದೊಂದನ್ನೇ ಮುಚ್ಚುತ್ತ ಹೋದರೆ ಬಟ್ಟೆ ಸರಿಯುತ್ತದೆ. ಅಂಟಿನ ಸ್ಪ್ರೇ ಬೇಗನೆ ಆಗುತ್ತದೆ, ಬ್ಯಾಟಿಂಗಿಗೆ ಹೊಡೆಯಿರಿ, ಬಟ್ಟೆಗಲ್ಲ. ಕಿಟಕಿ ತೆರೆದಿರಲಿ.

ಮೆಷಿನ್ನಿಗೆ

ಸೂಜಿ 90/14, ಹೊಸದು. ದಾರ 50ರ ಹತ್ತಿ, ಮೇಲೂ ಬಾಬಿನ್ನಿಗೂ ಅದೇ. ಎರಡೂ ಸೇರಿ ಹೊಲಿಗೆಯ ಉದ್ದದ ಮೂರು ಪಟ್ಟು ದಾರ ಹಿಡಿಯುತ್ತದೆ: 165 ಮೀಟರ್. 200 ಮೀಟರಿನ ರೀಲು ಒಂದೇ ಸಾಕೆನಿಸಿದರೂ ಎರಡು ತೆಗೆದಿಡಿ, ಬಾಬಿನ್ ಮೂರು ಸುತ್ತಿಡಿ. ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ಸರಿಸುವ ಫುಟ್) ಹಾಕಿ, ಫುಟ್ ಒತ್ತಡ ಒಂದು ಮೆಟ್ಟಿಲು ಇಳಿಸಿ, ಹೊಲಿಗೆ 3.0ಕ್ಕೆ ಇಡಿ. ಮೂರು ಪದರದಲ್ಲಿ ಅದು 2.5ರಂತೆ ಬೀಳುತ್ತದೆ.

ಹತ್ತು ಇಂಚಿನ ತುಂಡು ಮೂರು ಪದರ ಜೋಡಿಸಿ ಪರೀಕ್ಷೆ ಮಾಡುವಾಗ ಮೇಲೆ ಕಪ್ಪು, ಬಾಬಿನ್ನಿಗೆ ಬಿಳಿ ದಾರ ಹಾಕಿ. ಮೇಲೆ ಬಿಳಿ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಬಿಗಿ. ಹಿಂಬದಿಯಲ್ಲಿ ಬಿಳಿ ದಾರ ತಂತಿಯಂತೆ ನೇರ ಮಲಗಿ ಅದರ ಮೇಲೆ ಕಪ್ಪು ಕುಣಿಕೆಗಳು ಕಂಡರೆ ಸಡಿಲ. ಗುಂಡಿ ತಿರುಗಿಸುವ ಮೊದಲು ಫುಟ್ ಎತ್ತಿ ದಾರವನ್ನು ಮತ್ತೆ ಪೋಣಿಸಿ. ಫುಟ್ ಇಳಿದಿದ್ದಾಗ ಪೋಣಿಸಿದರೆ ದಾರ ಟೆನ್ಷನ್ ತಟ್ಟೆಗಳ ನಡುವೆ ಕೂರುವುದೇ ಇಲ್ಲ, ಅರ್ಧ ತಕರಾರು ಅದೇ.

ಸಾಲುಗಳ ಜಾಗ: ಎಡ ಅಂಚಿನಿಂದ 1, 3, 5 ಹೀಗೆ 59ನೇ ಇಂಚಿನವರೆಗೆ, ಒಟ್ಟು 30. ಎರಡರ ಗುಣಕದಲ್ಲಿ ಹಾಕಿದ್ದರೆ 12, 24, 36ನೇ ಇಂಚಿನ ಸಾಲುಗಳು ಬ್ಲಾಕಿನ ಜೋಡಣೆಯ ದಪ್ಪದ ಮೇಲೇ ಏರಿ ಓಲಾಡುತ್ತಿದ್ದವು. ಮೊದಲ ಸಾಲು 31ನೇ ಇಂಚಿಗೆ, ಗೆರೆಗೆ ಮಾಸ್ಕಿಂಗ್ ಟೇಪ್. ಮುಂದಿನವಕ್ಕೆ ವಾಕಿಂಗ್ ಫುಟ್‌ನ ಪಕ್ಕದ ಕಡ್ಡಿಯನ್ನು ಎರಡು ಇಂಚಿಗೆ ಹೊಂದಿಸಿದರೆ ಗೆರೆ ಬೇಡ. ಕಣ್ಣು ಕಡ್ಡಿಯ ಮೇಲಿರಲಿ, ಸೂಜಿಯ ಮೇಲಲ್ಲ.

31ರಿಂದ ಬಲಕ್ಕೆ ಹೋಗುತ್ತ ಪ್ರತಿ ಸಾಲನ್ನೂ ಮೇಲಿನಿಂದ ಕೆಳಕ್ಕೇ ಹಾಕಿ. ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ ಹಾಕಿದರೆ ಫುಟ್ ಟಾಪನ್ನು ಎರಡು ದಿಕ್ಕಿಗೆ ತಳ್ಳಿ ಸಾಲುಗಳ ನಡುವೆ ಓರೆಯೋರೆ ಸುಕ್ಕು ಏಳುತ್ತದೆ, ಇಸ್ತ್ರಿಗೂ ಜಗ್ಗದು. ಬಲಾರ್ಧ ಮುಗಿದ ಮೇಲೆ ಕ್ವಿಲ್ಟ್ ತಿರುಗಿಸಿ 29ರಿಂದ ಇನ್ನೊಂದು ಅಂಚಿಗೆ. ನಟ್ಟನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಎದುರು ದಿಕ್ಕಿನ ಸಾಲುಗಳು ಸಿಗುತ್ತವೆ, ಅಷ್ಟಕ್ಕೆ ಕಚ್ಚಾ ಹೊಲಿಗೆಯ ಜೊತೆಗೆ ನಾಲ್ಕಾರು ಪಿನ್ ಸೇರಿಸಿ. ಸಾಲು ಶುರುವಾಗುವುದೂ ಮುಗಿಯುವುದೂ ಟಾಪಿನ ಆಚೆ, ಬ್ಯಾಟಿಂಗಿನ ಮೇಲೆ. ಆಗ ಗಂಟು ಹಾಕುವ ಗೋಜಿಲ್ಲ, ಅಂಚುಪಟ್ಟಿ ಎಲ್ಲವನ್ನೂ ಕಚ್ಚಿ ಹಿಡಿಯುತ್ತದೆ.

ಮೆಷಿನ್ನಿನ ಎಡಕ್ಕೂ ಹಿಂದಕ್ಕೂ ಮೇಜು ಇರಲೇಬೇಕು. ಕ್ವಿಲ್ಟಿನ ತುದಿ ಮೇಜಿನಿಂದ ಜೋತರೆ ಆ ಭಾರವೇ ಬಟ್ಟೆಯನ್ನು ಹಿಡಿದೆಳೆದು ಹೊಲಿಗೆ ಗಿಡ್ಡವಾಗುತ್ತದೆ, ಸಾಲು ವಾಲುತ್ತದೆ. ಮೆಷಿನ್ ಕೆಟ್ಟಿದೆ ಎಂದು ರಿಪೇರಿಗೆ ಹೊತ್ತೊಯ್ಯುವ ಮುನ್ನ ಇದನ್ನು ನೋಡಿ.

ಐದಾರು ಸಾಲಿಗೊಮ್ಮೆ ಅಂಗೈಯಿಂದ ಹಿಂಬದಿ ತಡವಿ. ಅಸ್ತರಿನಲ್ಲಿ ನೆರಿಗೆ ಸಿಕ್ಕಿಬಿದ್ದಿದ್ದರೆ ಬೆರಳಿಗೆ ಏಣಿನಂತೆ ಹತ್ತುತ್ತದೆ. ಇಡೀ ಸಾಲು ಬಿಚ್ಚಬೇಕಿಲ್ಲ, ನೆರಿಗೆಯ ಆಚೀಚೆ ಮೂರು ನಾಲ್ಕು ಇಂಚು ಸಾಕು. ಹಿಂಬದಿಯ ದಾರವನ್ನು ನಾಲ್ಕು ಹೊಲಿಗೆಗೊಮ್ಮೆ ಕತ್ತರಿಸಿ, ಮುಂಬದಿಯಲ್ಲಿ ಮೇಲಿನ ದಾರ ಹಿಡಿದು ಎಳೆಯಿರಿ. ಒಂದೇ ಎಳೆಯಾಗಿ ಬರುತ್ತದೆ, ಹಿಂದೆ ಚೂರುಗಳು ಉದುರುತ್ತವೆ. ಅಸ್ತರನ್ನು ಹೊರಕ್ಕೆ ಸವರಿ ಪಿನ್ ಹಾಕಿ ಮತ್ತೆ ಹೊಲಿಯಿರಿ, ಹಳೆಯ ಹೊಲಿಗೆಯ ಮೇಲೆ ಎರಡೂ ಕಡೆ ಅರ್ಧ ಇಂಚು ಹಾಯುವಂತೆ.

ಫ್ರೀ ಮೋಷನ್ ಮಾಡುವವರಿಗೆ ಬರುವ ದೊಡ್ಡ ದೂರು ಹಿಂಬದಿಯ ರೆಪ್ಪೆಗೂದಲು: ತಿರುವುಗಳಲ್ಲಿ ದಾರದ ಕುಣಿಕೆ ಸಾಲಾಗಿ ಹೊರಚಾಚುವುದು. ತಿರುವಿನಲ್ಲಿ ಕೈ ಸೂಜಿಗಿಂತ ವೇಗವಾಗಿ ಓಡುವುದರಿಂದ ಹೀಗಾಗುತ್ತದೆ. ಕೈ ನಿಧಾನಿಸಿ, ಪೆಡಲ್ ನಿಧಾನಿಸಬೇಡಿ. ಆಗಲೂ ಹೋಗದಿದ್ದರೆ ಮೇಲಿನ ಟೆನ್ಷನ್ ಸ್ವಲ್ಪ ಬಿಗಿಸಿ. ವಿನ್ಯಾಸದ ಒತ್ತು ಎಲ್ಲ ಕಡೆ ಒಂದೇ ಸಮ ಇರಲಿ. ನಡುವೆ ಅರ್ಧ ಇಂಚು, ಅಂಚಿನಲ್ಲಿ ಮೂರು ಇಂಚು ಮಾಡಿದರೆ ನಡುವು ಕುಗ್ಗಿ ಅಂಚು ಅಲೆಯಾಗುತ್ತದೆ, ಮಜೂರಿಗೆ ಕೊಟ್ಟರೂ ಅಷ್ಟೇ.

ಅಂಚು

30 ಸಾಲು ಮುಗಿದ ಮೇಲೆ ಕಚ್ಚಾ ದಾರವನ್ನು ಐದಾರು ಇಂಚಿಗೊಮ್ಮೆ ಕತ್ತರಿಸಿ ತುಂಡುತುಂಡಾಗಿ ಎಳೆಯಿರಿ. ಕ್ವಿಲ್ಟಿಂಗ್ ಆದ ಮೇಲೆ ಅಳತೆ ಕಿರಿದಾಗುತ್ತದೆ, ಒಂದೆರಡು ಇಂಚು ಕಡಿಮೆ ಬಂದರೆ ಗಾಬರಿ ಬೇಡ. ಮೂಲೆಮಟ್ಟ ಇಟ್ಟು ನಾಲ್ಕೂ ಮೂಲೆ ಚೌಕ ಮಾಡಿ, ಹೆಚ್ಚುವರಿ ಬ್ಯಾಟಿಂಗ್, ಅಸ್ತರು ಕತ್ತರಿಸಿ. ಅಂಚುಪಟ್ಟಿಗೆ ಸುತ್ತಳತೆ 264 ಇಂಚು, ಮೂಲೆ ಮತ್ತು ಜೋಡಣೆಗೆ 12 ಸೇರಿಸಿ 276. ಪಟ್ಟಿಯೊಂದಕ್ಕೆ 40 ಇಂಚು ಉಪಯೋಗಕ್ಕೆ ಬಂದರೆ ಏಳು ಪಟ್ಟಿ. ಎರಡೂವರೆ ಇಂಚು ಅಗಲದಂತೆ ಹದಿನೇಳೂವರೆ ಇಂಚು, ಅರ್ಧ ಮೀಟರ್ ಬಟ್ಟೆ. ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಇಲ್ಲವಾದರೆ ಜೋಡಣೆಯ ದಪ್ಪ ಒಂದೇ ಕಡೆ ಗಂಟಾಗುತ್ತದೆ. ಹೊಲಿಯುವ ಮುನ್ನ ಪಟ್ಟಿಯನ್ನು ಅಂಚಿನುದ್ದಕ್ಕೂ ಒಮ್ಮೆ ಹಿಡಿದು ನೋಡಿ, ಪಟ್ಟಿಪಟ್ಟಿಯ ಜೋಡಣೆ ಯಾವುದೂ ಮೂಲೆಗೆ ಬೀಳದಂತೆ ಶುರುಮಾಡುವ ಜಾಗ ಆರಿಸಿ. ವಾಕಿಂಗ್ ಫುಟ್ ತೆಗೆಯಬೇಡಿ, ಅಂಚುಪಟ್ಟಿಗೂ ಅದೇ ಇರಲಿ.